ತಂಗಿ ಇಲ್ಲ, ತಂಗಿ ಈಗಿಲ್ಲ

ಪ್ರಶ್ನೆ: ನನಗೆ 36 ವರ್ಷ. ನನ್ನ ತಂಗಿ ಕಾಯಿಲೆಯಿಂದ ತೀರಿಕೊಂಡು ಒಂಬತ್ತು ತಿಂಗಳಾಯಿತು. ಅವಳನ್ನು ಕಳೆದುಕೊಂಡ ಮೇಲೆ ಹೇಗಿದ್ದೀಯ ಅಂತ ಯಾರು ಕೇಳಿದರೂ ‘ಬೇಜಾರು’ ಅನ್ನುತ್ತೇನೆ. ಅದಕ್ಕಿಂತ ಜಾಸ್ತಿ ಹೇಳಲು ಪದ ಸಿಗುವುದಿಲ್ಲ. ‘ನಿನಗೆ ಡಿಪ್ರೆಶನ್’ ಅಂತ ನನ್ನ ಗಂಡ ಹೇಳುತ್ತಾರೆ. ಹೋದ ವಾರ ಜಗಳದಲ್ಲಿ ‘ನಿಮಗೆ ನನ್ನ ಮೇಲೆ ಪ್ರೀತಿಯೇ ಇಲ್ಲ’ ಅಂದುಬಿಟ್ಟೆ. ‘ಎಲ್ಲಾ ನಾನೇ ಮಾಡ್ತಾ ಇದೀನಲ್ಲ, ಇನ್ನೇನು ಪ್ರೀತಿ ಅಂದ್ರೆ?’ ಅಂದವರು ಆಮೇಲೆ ಮಾತೇ ಆಡಲಿಲ್ಲ. ಸರಿಯಾದ ಪದ ಹುಡುಕಿದರೆ ಮನಸ್ಸಿಗೆ ನಿಜವಾಗಿ ಏನಾದರೂ ವ್ಯತ್ಯಾಸ ಆಗುತ್ತದೆಯೇ? ಇನ್ನೊಂದು ಸಣ್ಣ ಪ್ರಶ್ನೆ. ಹೊಸಬರು ‘ನಿಮಗೆ ಅಕ್ಕ ತಂಗಿ ಇದ್ದಾರಾ?’ ಅಂತ ಕೇಳಿದರೆ ಗಂಟಲು ಕಟ್ಟುತ್ತದೆ. ‘ಇದ್ದಾಳೆ’ ಅಂದರೆ ಸುಳ್ಳು. ‘ಇಲ್ಲ’ ಅಂದರೆ ಅವಳಿಗೆ ದ್ರೋಹ ಮಾಡಿದ ಹಾಗೆ. ಏನು ಹೇಳಲಿ?

ಉತ್ತರ: ನೀವು ಕೊನೆಗೆ ಕೇಳಿದ್ದು ಸಣ್ಣ ಪ್ರಶ್ನೆ ಅಲ್ಲ. ನಿಮ್ಮ ಪತ್ರದ ನೋವೆಲ್ಲ ಅಲ್ಲೇ ಇದೆ ಅಂತ ನನಗೆ ಅನಿಸಿತು. ಅದಕ್ಕೆ ಕೊನೆಯಲ್ಲಿ ಬರುತ್ತೇನೆ, ಖಂಡಿತ. ಮೊದಲ ಪ್ರಶ್ನೆಗೆ ನನ್ನ ಉತ್ತರ ‘ಹೌದು’. ಪದದಿಂದ ವ್ಯತ್ಯಾಸ ಆಗುತ್ತದೆ. ಪದ ಸಿಕ್ಕಿದ ಕೂಡಲೇ ನೋವು ಹೋಗುವುದಿಲ್ಲ. ಆದರೆ ಈ ನೋವಿಗೆ ಈಗ ಏನು ಬೇಕು ಅನ್ನುವುದು ಗೊತ್ತಾಗುತ್ತದೆ. ‘ಬೇಜಾರು’ ಅಂದಾಗ ಅದು ಗೊತ್ತಾಗುವುದಿಲ್ಲ, ನಿಮಗೂ ಗೊತ್ತಾಗುವುದಿಲ್ಲ, ಕೇಳಿದವರಿಗೂ ಗೊತ್ತಾಗುವುದಿಲ್ಲ.

ಈ ‘ಬೇಜಾರು’ ನೋಡಿ. ಪಾರಸಿಯಿಂದ ಬಂದ ಪದ. ಅಲ್ಲಿ ‘ಬೇಜಾರ್’ ಅಂದರೆ ಸಾಕುಸಾಕಾದವನು, ಜಿಗುಪ್ಸೆ ಬಂದವನು. ಕನ್ನಡಕ್ಕೆ ಬಂದ ಮೇಲೆ ಅದರ ಹೊಟ್ಟೆ ಬಹಳ ದೊಡ್ಡದಾಯಿತು. ಕಾದು ಕಾದು ಹೊತ್ತು ಹೋಗದಿದ್ದರೂ ಬೇಜಾರು. ಗೆಳತಿ ಕರೆ ಮಾಡದಿದ್ದರೂ ಬೇಜಾರು. ಯಾರೋ ಚುಚ್ಚಿ ಮಾತಾಡಿದರೂ ಬೇಜಾರು. ಬೆನ್ನಿಗೆ ಬಿದ್ದು ಬೆಳೆದ ಒಡಹುಟ್ಟಿದವಳು ಸತ್ತರೂ ಅದೇ ಬೇಜಾರು. ಕೇಳಿದವರು ‘ಅಯ್ಯೋ ಪಾಪ’ ಅನ್ನುತ್ತಾರೆ, ಅಷ್ಟೇ. ಬೇರೆ ಏನು ಮಾಡಬೇಕು ಅಂತ ಅವರಿಗೆ ಆ ಪದ ಹೇಳಿಲ್ಲವಲ್ಲ.

ನನ್ನ ಹತ್ತಿರ ಬರುವವರಿಗೆ ನಾನು ಒಂದು ಕೆಲಸ ಹೇಳುತ್ತೇನೆ. ಐದು ನಿಮಿಷ ‘ಬೇಜಾರು’ ಅನ್ನುವ ಪದವನ್ನು ಬಳಸದೆ ಮಾತಾಡಿ. ಮೊದಲು ತಡವರಿಸುತ್ತಾರೆ. ಆಮೇಲೆ ಒಂದೊಂದೇ ಹೊರಬರುತ್ತವೆ. ‘ಡಾಕ್ಟರ ಮೇಲೆ ಸಿಟ್ಟಿದೆ.’ ‘ನನಗೂ ಆ ಕಾಯಿಲೆ ಬರುತ್ತೇನೋ ಅಂತ ಭಯ.’ ‘ಕೊನೆಯ ದಿನ ನಾನು ಮನೆಗೆ ಹೋಗಿ ಮಲಗಿದೆ, ಅದು ಕೊರೆಯುತ್ತೆ.’ ‘ಒಂದು ಸಲ ಅವಳ ದನಿ ಕೇಳಬೇಕು.’ ಇವು ಒಂದೇ ಭಾವನೆ ಅಲ್ಲ. ಇವುಗಳಿಗೆ ಮದ್ದೂ ಒಂದೇ ಅಲ್ಲ. ಭಯಕ್ಕೆ ತಪಾಸಣೆ ಬೇಕಾಗಬಹುದು. ಸಿಟ್ಟಿಗೆ ಪೂರ್ತಿ ಕೇಳಿಸಿಕೊಳ್ಳುವ ಒಬ್ಬರು ಬೇಕು. ಕೊರಗಿಗೆ ಆ ದಿನ ಏನೇನಾಯಿತು ಅಂತ ಸತ್ಯವಾಗಿ, ನಿಧಾನವಾಗಿ ಮತ್ತೆ ನೋಡಬೇಕು. ಹಂಬಲಕ್ಕೆ ಮಾತ್ರ ಏನೂ ಮಾಡಲಾಗುವುದಿಲ್ಲ. ಅದರ ಜೊತೆ ಕೂರಬೇಕು.

ಇದು ಸುಮ್ನೆ ನನ್ನ ಅನುಭವದ ಮಾತಲ್ಲ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಮ್ಯಾಥ್ಯೂ ಲೀಬರ್ಮನ್ ಮತ್ತು ಅವರ ತಂಡ 2007ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಜನರನ್ನು ಮಿದುಳಿನ ಸ್ಕ್ಯಾನರ್ ಒಳಗೆ ಮಲಗಿಸಿ, ಸಿಟ್ಟು ಅಥವಾ ಭಯ ತುಂಬಿದ ಮುಖಗಳ ಚಿತ್ರ ತೋರಿಸಿದರು. ಆ ಭಾವನೆಗೆ ಹೆಸರು ಆರಿಸಿ ಅಂದಾಗ, ಅಪಾಯದ ಗಂಟೆ ಬಾರಿಸುವ ಅಮಿಗ್ಡಲಾ ಭಾಗದ ಚಟುವಟಿಕೆ ಕಡಿಮೆಯಾಯಿತು. ಹಣೆಯ ಹಿಂದಿನ ಒಂದು ಭಾಗ ಚುರುಕಾಯಿತು. ಅದೇ ಮುಖಕ್ಕೆ ‘ಇದು ಗಂಡಸು, ಇದು ಹೆಂಗಸು’ ಅಂತ ಹೆಸರು ಹೊಂದಿಸಿದಾಗ ಈ ಪರಿಣಾಮ ಕಾಣಲಿಲ್ಲ. ಅಂದರೆ ಯಾವುದೋ ಒಂದು ಪದ ಹೇಳಿದರೆ ಸಾಲದು, ಭಾವನೆಯ ಹೆಸರೇ ಬೇಕು.

2012ರಲ್ಲಿ ಅದೇ ವಿಶ್ವವಿದ್ಯಾಲಯದವರು ಜೇಡಕ್ಕೆ ಹೆದರುವ 88 ಜನರನ್ನು ಕರೆದರು. ದೊಡ್ಡ ಜೀವಂತ ಜೇಡದ ಹತ್ತಿರ ಹೋಗಬೇಕು. ಕೆಲವರು ‘ನನಗೆ ಭಯ ಆಗ್ತಿದೆ, ಅದು ಮೈಮೇಲೆ ಹಾರುತ್ತೆ ಅಂತ ಅನಿಸ್ತಿದೆ’ ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಿತ್ತು. ಕೆಲವರು ‘ಪುಟ್ಟ ಜೇಡ, ಏನೂ ಮಾಡಲ್ಲ’ ಅಂತ ತಮಗೆ ತಾವೇ ಸಮಾಧಾನ ಹೇಳಿಕೊಳ್ಳಬೇಕಿತ್ತು. ಒಂದು ವಾರದ ನಂತರ ಮತ್ತೆ ಜೇಡದ ಎದುರು ನಿಂತಾಗ, ಭಯವನ್ನು ಭಯ ಅಂದವರ ಮೈ ಕಡಿಮೆ ಗಾಬರಿಯಾಗಿತ್ತು. ‘ಅಳಬೇಡ, ಏನೂ ಆಗಿಲ್ಲ’ ಅನ್ನುವ ಮಾತು ನೊಂದವರಿಗೆ ಯಾಕೆ ತಟ್ಟುವುದಿಲ್ಲ ಅಂತ ಯೋಚಿಸುವಾಗೆಲ್ಲ ನನಗೆ ಈ ಪ್ರಯೋಗ ನೆನಪಾಗುತ್ತದೆ.

ಆದರೆ ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಹೆಸರು ಇಡುವುದು ಯಾವಾಗಲೂ ಒಳ್ಳೆಯದೇ ಮಾಡುತ್ತದೆ ಅಂತಿಲ್ಲ. 2021ರ ಒಂದು ಅಧ್ಯಯನದಲ್ಲಿ, ಭಾವನೆಗೆ ಮೊದಲೇ ಒಂದು ಹೆಸರು ಕೊಟ್ಟವರಿಗೆ ಆಮೇಲೆ ಅದನ್ನು ಬೇರೆ ರೀತಿ ನೋಡುವುದು ಹೆಚ್ಚು ಕಷ್ಟವಾಯಿತು. ಹಸಿ ಗೋಡೆಯ ಮೇಲೆ ಬೆರಳಿಟ್ಟ ಹಾಗೆ, ಆ ಗುರುತು ಅಲ್ಲೇ ಉಳಿದುಬಿಡುತ್ತದೆ. ಹಾಗಾಗಿ ಪದ ಹುಡುಕಿ, ಆದರೆ ಅದನ್ನು ಸಡಿಲವಾಗಿ ಹಿಡಿಯಿರಿ. ‘ಬಹುಶಃ ಇದು ಸಿಟ್ಟು.’ ‘ಈ ಹೊತ್ತಿಗೆ ಇದು ಭಯದ ಹಾಗಿದೆ.’ ನಾಳೆ ಅದು ಬೇರೆ ಪದವಾದರೆ ಆಗಲಿ.

ಪದವೇ ಇಲ್ಲದಿದ್ದರೆ ಏನಾಗುತ್ತದೆ? ರಾಬರ್ಟ್ ಲೆವಿ ಅನ್ನುವ ಮನೋವೈದ್ಯರು ತಹಿತಿ ದ್ವೀಪದ ಜನರ ಜೊತೆ ಇದ್ದು, 1973ರಲ್ಲಿ ಅದರ ಬಗ್ಗೆ ಬರೆದರು. ಅಲ್ಲಿನ ಭಾಷೆಯಲ್ಲಿ ಸಿಟ್ಟಿಗೆ ಬೇಕಾದಷ್ಟು ಪದಗಳಿದ್ದವು. ನಾವು ‘ದುಃಖ’ ಅನ್ನುವುದಕ್ಕೆ ಸರಿಹೊಂದುವ ಪದ ಇರಲಿಲ್ಲ. ಜನ ಅಗಲಿಕೆಯಲ್ಲಿ ನರಳುತ್ತಿದ್ದರು. ಆದರೆ ಅದನ್ನು ದಣಿವು, ಕಾಯಿಲೆ, ಮೈ ಭಾರ ಅಂತ ಹೇಳುತ್ತಿದ್ದರು. ನೋವು ಇತ್ತು, ಅದು ತನ್ನ ತಂಗಿಯ ಸಾವಿಗೋ ಮಗುವಿನ ಸಾವಿಗೋ ಸೇರಿದ್ದು ಅಂತ ತೋರಿಸುವ ದಾರಿ ಇರಲಿಲ್ಲ.

ಪದ ಇದ್ದರೂ ಅದರ ನೆರೆಹೊರೆ ಎಲ್ಲ ಭಾಷೆಯಲ್ಲಿ ಒಂದೇ ಅಲ್ಲ. 2019ರಲ್ಲಿ ಸಂಶೋಧಕರು 2,474 ಭಾಷೆಗಳ ಭಾವನೆಯ ಪದಗಳನ್ನು ಹೋಲಿಸಿ ನೋಡಿದರು. ಒಂದೇ ಪದ ಎರಡು ಅರ್ಥಕ್ಕೆ ಬಳಕೆಯಾಗುತ್ತದೆಯೇ ಅಂತ ಹುಡುಕಿದರು. ಪಾರಸಿಯ ಒಂದು ಪದ ಶೋಕ ಮತ್ತು ಪಶ್ಚಾತ್ತಾಪ ಎರಡನ್ನೂ ಹೇಳುತ್ತದೆ. ಕಾಕಸಸ್ ಪ್ರದೇಶದ ಒಂದು ಭಾಷೆಯಲ್ಲಿ ಶೋಕ ಮತ್ತು ಆತಂಕಕ್ಕೆ ಒಂದೇ ಪದ. ಶೋಕದ ಪಕ್ಕದ ಮನೆಯಲ್ಲಿ ಒಂದು ಕಡೆ ಪಶ್ಚಾತ್ತಾಪ ಕೂತಿದೆ, ಇನ್ನೊಂದು ಕಡೆ ಆತಂಕ.

ನಮ್ಮ ಭಾಷೆಯಲ್ಲಿ ಶೋಕ ದೇಹದ ಒಳಗೇ ಇದೆ. ಕರುಳು ಕಿತ್ತು ಬರುತ್ತೆ. ಹೊಟ್ಟೆ ಉರಿಯುತ್ತೆ. ಎದೆ ಭಾರ. ಗಂಟಲು ಕಟ್ಟಿತು ಅಂತ ನೀವೇ ಬರೆದಿದ್ದೀರಿ. ‘ಸಂಕಟ’ ಅನ್ನುವ ಪದವನ್ನು ಹೊಟ್ಟೆ ತೊಳಸಿದಾಗಲೂ ಹೇಳುತ್ತೇವೆ, ಮನಸ್ಸು ಒದ್ದಾಡಿದಾಗಲೂ ಹೇಳುತ್ತೇವೆ. ಇದು ಭಾಷೆಯ ಬಡತನ ಅಂತ ನನಗೆ ಅನಿಸುವುದಿಲ್ಲ. ನಿಮಗೆ ಭಾವನೆಯ ಹೆಸರು ಸಿಗದಿದ್ದರೆ ಮೊದಲು ಮೈಯ ಹೆಸರು ಹೇಳಿ. ‘ಬೇಜಾರು’ ಬದಲು ‘ಇವತ್ತು ಎದೆ ಮೇಲೆ ಕಲ್ಲಿಟ್ಟ ಹಾಗಿದೆ’ ಅಂದರೆ ಎದುರಿನವರಿಗೆ ಹೆಚ್ಚು ತಿಳಿಯುತ್ತದೆ.

ಈಗ ನಿಮ್ಮ ಪತ್ರದಲ್ಲಿರುವ ಇನ್ನೊಂದು ಪದಕ್ಕೆ ಬರುತ್ತೇನೆ. ಅವಳನ್ನು ‘ಕಳೆದುಕೊಂಡೆ’ ಅಂತ ಬರೆದಿದ್ದೀರಿ. ಎಲ್ಲರೂ ಹಾಗೇ ಹೇಳುತ್ತಾರೆ, ತಪ್ಪಲ್ಲ. ಆದರೆ ಬೀಗದ ಕೈ ಕಳೆದುಕೊಂಡಾಗಲೂ ನಾವು ಅದನ್ನೇ ಹೇಳುತ್ತೇವೆ. ಆ ಪದದಲ್ಲಿ ಸ್ವಲ್ಪ ಅಜಾಗರೂಕತೆ ಇದೆ. ಸರಿಯಾಗಿ ನೋಡಿಕೊಂಡಿದ್ದರೆ ಕಳೆಯುತ್ತಿರಲಿಲ್ಲ ಅನ್ನುವ ಅರ್ಥ ಹಿಂದೆ ಅಡಗಿದೆ. ಕಾಯಿಲೆಯಿಂದ ತೀರಿಕೊಂಡವರ ಮನೆಯವರಲ್ಲಿ ‘ನಾನು ಮೊದಲೇ ಗಮನಿಸಬೇಕಿತ್ತು’ ಅನ್ನುವ ಕೊರಗು ತುಂಬಾ ಸಾಮಾನ್ಯ. ಆ ಕೊರಗಿಗೆ ಈ ಪದ ದಿನಾ ನೀರೆರೆಯುತ್ತದೆ. ನೀವು ಅವಳನ್ನು ಕಳೆಯಲಿಲ್ಲ. ಕಾಯಿಲೆ ಅವಳನ್ನು ತೆಗೆದುಕೊಂಡು ಹೋಯಿತು. ಕೆಲವು ದಿನ ಹಾಗೆ ಹೇಳಿ ನೋಡಿ. ನನಗೆ ಇಷ್ಟದ ಇನ್ನೊಂದು ಪದ ‘ಅಗಲಿಕೆ’. ‘ಅಗಲು’ ಮತ್ತು ‘ಅಗಲ’ ಒಂದೇ ಬೇರಿನ ಪದಗಳು. ಇಬ್ಬರ ನಡುವಿನ ಜಾಗ ಅಗಲವಾಯಿತು ಅಂತ ಅದು ಹೇಳುತ್ತದೆ. ಅದರಲ್ಲಿ ಯಾರ ತಪ್ಪೂ ಇಲ್ಲ.

‘ಮರೆತುಬಿಡು’ ಅಂತ ಯಾರಾದರೂ ಹೇಳಿರಬೇಕು ನಿಮಗೆ. ಕನ್ನಡದಲ್ಲಿ ‘ಮರೆ’ ಅಂದರೆ ನೆನಪು ಬಿಡುವುದೂ ಹೌದು, ಅಡ್ಡ ಹಿಡಿದ ತೆರೆಯೂ ಹೌದು. ಮರೆಯಲ್ಲಿ ಇಟ್ಟದ್ದು ಇಲ್ಲವಾಗುವುದಿಲ್ಲ. ಇನ್ನೊಂದು ಕಡೆ ‘ನೆನೆ’ ಇದೆ. ನೆನಪು ಮಾಡಿಕೊಳ್ಳುವುದೂ ನೆನೆಯುವುದೇ, ಮಳೆಯಲ್ಲಿ ತೊಯ್ಯುವುದೂ ನೆನೆಯುವುದೇ. ಈ ಎರಡರ ಬೇರು ಬೇರೆ ಬೇರೆ, ರೂಪ ಮಾತ್ರ ಒಂದಾಗಿದೆ. ಆದರೂ ಒಬ್ಬರನ್ನು ನೆನೆದು ತೊಯ್ದುಹೋದವರಿಗೆ ಆ ಹೋಲಿಕೆ ಅರ್ಥವಾಗುತ್ತದೆ, ಅಲ್ವಾ?

ಶೋಕದ ಬಗ್ಗೆ ಓದಿದವರು ‘ಶೋಕಕ್ಕೆ ಐದು ಹಂತ, ಒಪ್ಪಿಕೊಳ್ಳುವುದು ಕೊನೆಯದು’ ಅಂತ ಹೇಳಬಹುದು. ಆ ಐದು ಹಂತಗಳ ಮಾತು ಎಲಿಜಬೆತ್ ಕ್ಯೂಬ್ಲರ್-ರಾಸ್ ಅನ್ನುವ ಮನೋವೈದ್ಯೆ 1969ರಲ್ಲಿ ಬರೆದದ್ದು. ಅವರು ಮಾತಾಡಿಸಿದ್ದು ಸಾವನ್ನು ಎದುರು ನೋಡುತ್ತಿದ್ದ ರೋಗಿಗಳನ್ನು. ಹಿಂದೆ ಉಳಿದವರಿಗೆ ಅದನ್ನು ಅನ್ವಯಿಸಿದ್ದು ಆಮೇಲೆ. ಹಂತ ಅನ್ನುವ ಪದ ಬಂದ ಕೂಡಲೇ ಜನ ‘ನಾನಿನ್ನೂ ಮೂರನೇದರಲ್ಲೇ ಇದೀನಿ’ ಅಂತ ತಮ್ಮನ್ನು ಅಳೆದುಕೊಳ್ಳಲು ಶುರು ಮಾಡಿದರು. ಎಷ್ಟೋ ಜನ ಇದರಿಂದ ಸುಮ್ಮನೆ ನೊಂದಿದ್ದಾರೆ. 1999ರಲ್ಲಿ ನೆದರ್‌ಲ್ಯಾಂಡ್ಸ್‌ನ ಮಾರ್ಗರೆಟ್ ಸ್ಟ್ರೋಬ ಮತ್ತು ಹೆಂಕ್ ಸ್ಖುಟ್ ಅನ್ನುವ ಸಂಶೋಧಕರು ಬೇರೆ ಚಿತ್ರ ಕೊಟ್ಟರು. ನೊಂದವರು ಉಯ್ಯಾಲೆಯ ಹಾಗೆ ಆಚೆ ಈಚೆ ಹೋಗುತ್ತಾರೆ. ಒಂದು ಹೊತ್ತು ಅಗಲಿದವರ ಕಡೆ, ಒಂದು ಹೊತ್ತು ಮುಂದಿನ ಬದುಕಿನ ಕಡೆ. ಬೆಳಗ್ಗೆ ನಕ್ಕು ಸಂಜೆ ಅತ್ತರೆ ನೀವು ಹಿಂದೆ ಬಿದ್ದಿಲ್ಲ. ಉಯ್ಯಾಲೆ ಈ ಕಡೆ ಬಂದಿದೆ.

ತಂಗಿಯ ಸಾವಿಗೆ ಸಂಬಂಧಿಸಿ ಇನ್ನೊಂದು ವಿಷಯ ಇದೆ. ಇದನ್ನು ಯಾರೂ ನಿಮಗೆ ಹೇಳಿರಲಿಕ್ಕಿಲ್ಲ. ಗಂಡ ಸತ್ತವಳಿಗೆ ‘ವಿಧವೆ’ ಅನ್ನುವ ಹೆಸರಿದೆ, ಹೆಂಡತಿ ಸತ್ತವನಿಗೆ ‘ವಿಧುರ’ ಅಂತ. ತಾಯಿ ಸತ್ತ ಮಗು ತಬ್ಬಲಿ. ಮಗುವನ್ನು ಕಳುಹಿಸಿಕೊಟ್ಟ ತಂದೆ ತಾಯಿಗೆ ಹೆಸರಿಲ್ಲ, ಆದರೆ ಅವರ ನೋವಿಗೆ ‘ಪುತ್ರಶೋಕ’ ಅನ್ನುವ ಹೆಸರಿದೆ. ತಂಗಿ ಸತ್ತ ಅಕ್ಕನಿಗೆ ಹೆಸರೂ ಇಲ್ಲ, ಅವಳ ನೋವಿಗೆ ಹೆಸರೂ ಇಲ್ಲ. ಬಂದವರೆಲ್ಲ ‘ಅಮ್ಮ ಹೇಗಿದಾರೆ? ಅಮ್ಮನ್ನ ಚೆನ್ನಾಗಿ ನೋಡ್ಕೋ’ ಅಂತ ಹೇಳಿ ಹೋಗಿರುತ್ತಾರೆ. ನಿಮ್ಮನ್ನು ಕೇಳಿದವರು ಎಷ್ಟು ಜನ? ಕೆನೆತ್ ಡೋಕಾ ಅನ್ನುವ ತಜ್ಞರು 1989ರಲ್ಲಿ ಇಂಥ ನೋವಿನ ಬಗ್ಗೆ ಬರೆದರು. ಸುತ್ತಲಿನವರು ಒಪ್ಪದ, ಅಳುವ ಹಕ್ಕನ್ನೇ ಕೊಡದ ಶೋಕ ಅಂತ ಅದನ್ನು ಗುರುತಿಸಿದರು. ಒಡಹುಟ್ಟಿದವರ ಸಾವು ಎಷ್ಟೋ ಸಲ ಆ ಸಾಲಿಗೆ ಸೇರುತ್ತದೆ. ನಿಮಗೆ ‘ಬೇಜಾರು’ ಬಿಟ್ಟು ಬೇರೆ ಪದ ಸಿಗದಿರುವುದಕ್ಕೆ ಇದೂ ಒಂದು ಕಾರಣ ಇರಬಹುದು. ನಿಮಗೆ ಯಾರೂ ಪದ ಕೊಟ್ಟೇ ಇಲ್ಲ.

ಇನ್ನು ಡಿಪ್ರೆಶನ್. ನಿಮ್ಮ ಯಜಮಾನರು ಆ ಪದವನ್ನು ಕಾಳಜಿಯಿಂದಲೇ ಹೇಳಿದ್ದಾರೆ ಅಂತ ನಾನು ನಂಬುತ್ತೇನೆ. ಆದರೂ ಅದರಲ್ಲಿ ಒಂದು ಸೂಕ್ಷ್ಮ ಇದೆ. ಕನ್ನಡದಲ್ಲಿ ಭಾವನೆಗಳು ನಮಗೆ ‘ಬರುತ್ತವೆ’. ನನಗೆ ಸಿಟ್ಟು ಬಂತು. ನನಗೆ ಭಯ ಆಯಿತು. ಅಳು ಬಂತು. ಬಂದದ್ದು ಹೋಗಬಹುದು ಅನ್ನುವ ಸುಳಿವು ಆ ವಾಕ್ಯದಲ್ಲೇ ಇದೆ. ‘ನಾನು ಡಿಪ್ರೆಸ್ ಆಗಿದೀನಿ’ ಅಂದಾಗ ವಾಕ್ಯ ತಿರುಗಿತು. ಈಗ ಬಂದದ್ದು ಏನೂ ಇಲ್ಲ, ನಾನೇ ಅದಾಗಿದ್ದೇನೆ. ಇದರಿಂದ ಕನ್ನಡ ಮಾತಾಡುವವರಿಗೆ ನೋವು ಕಡಿಮೆ ಅಂತ ನಾನು ಹೇಳುತ್ತಿಲ್ಲ. ನಮ್ಮ ಭಾಷೆ ಕೊಟ್ಟಿರುವ ಈ ಅಂತರವನ್ನು ಬಳಸಿಕೊಳ್ಳಿ ಅಂತ ಮಾತ್ರ ಹೇಳುತ್ತಿದ್ದೇನೆ. ಮನಸ್ಸಿನಲ್ಲೇ ಮಾತಾಡಿಕೊಳ್ಳುವಾಗ ‘ನಾನು’ ಅನ್ನುವ ಬದಲು ತಮ್ಮದೇ ಹೆಸರು ಹಿಡಿದು ಮಾತಾಡಿಕೊಂಡವರಿಗೆ ಒತ್ತಡ ಕಡಿಮೆಯಾಯಿತು ಅಂತ ಮನೋವಿಜ್ಞಾನಿ ಈಥನ್ ಕ್ರಾಸ್ ಅವರ ತಂಡ 2014ರಲ್ಲಿ ತೋರಿಸಿತು. ಅದೂ ಇಂಥದ್ದೇ ಒಂದು ಹೆಜ್ಜೆ ದೂರ.

ಶೋಕ ಮತ್ತು ಖಿನ್ನತೆ ಎರಡೂ ಒಂದೇ ಅಲ್ಲ, ಆದರೆ ಒಟ್ಟಿಗೆ ಬರಬಹುದು. ಶೋಕ ಅಲೆಯ ಹಾಗೆ. ಅವಳ ಬಟ್ಟೆ ಕಂಡಾಗ, ಅವಳ ಹಾಗೆ ಯಾರೋ ನಕ್ಕಾಗ ಏರುತ್ತದೆ, ಮತ್ತೆ ಇಳಿಯುತ್ತದೆ. ನಡುವೆ ನಗುವೂ ಬರುತ್ತದೆ. ಖಿನ್ನತೆಯಲ್ಲಿ ಆ ಇಳಿತ ಇರುವುದಿಲ್ಲ. ಕನಿಷ್ಠ ಎರಡು ವಾರ, ದಿನದ ಬಹುಪಾಲು ಹೊತ್ತು ಮಂಕು ಕವಿದಿರುತ್ತದೆ. ಯಾವುದರಲ್ಲೂ ಆಸಕ್ತಿ ಇರುವುದಿಲ್ಲ, ನಿದ್ದೆ ಹಸಿವು ಕೆಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ‘ನಾನು ಯಾವುದಕ್ಕೂ ಬಾರದವಳು’ ಅನ್ನುವ ಮಾತು ಒಳಗೆ ನಡೆಯುತ್ತಲೇ ಇರುತ್ತದೆ. ಶೋಕದಲ್ಲಿ ಜಗತ್ತು ಖಾಲಿಯಾದ ಹಾಗೆ ಕಾಣುತ್ತದೆ. ಖಿನ್ನತೆಯಲ್ಲಿ ತಾನೇ ಖಾಲಿ ಅನಿಸುತ್ತದೆ. ಮನೋವಿಶ್ಲೇಷಣೆ ಶುರು ಮಾಡಿದ ಸಿಗ್ಮಂಡ್ ಫ್ರಾಯ್ಡ್ 1917ರಲ್ಲೇ ಈ ವ್ಯತ್ಯಾಸ ಬರೆದಿಟ್ಟರು. ಇವತ್ತಿಗೂ ಅದು ನನ್ನ ಕೆಲಸಕ್ಕೆ ಬರುತ್ತದೆ.

ಒಂಬತ್ತು ತಿಂಗಳು ಜಾಸ್ತಿ ಆಯಿತಾ ಅಂತ ನಿಮಗೆ ಅನಿಸಿರಬಹುದು. ‘ದೀರ್ಘಕಾಲದ ಶೋಕ’ ಅನ್ನುವ ಒಂದು ಕಾಯಿಲೆಯ ಹೆಸರು ಈಗ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ ಅದಕ್ಕೆ ಆರು ತಿಂಗಳ ಗಡಿ ಹಾಕಿದೆ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ದೊಡ್ಡವರಿಗೆ ಹನ್ನೆರಡು ತಿಂಗಳು ಅನ್ನುತ್ತದೆ. ಎರಡೂ ಜಾರಿಗೆ ಬಂದದ್ದು 2022ರಲ್ಲಿ. ನೀವು ಸರಿಯಾಗಿ ಎರಡರ ನಡುವೆ ಇದ್ದೀರಿ! ತಿಂಗಳ ಲೆಕ್ಕವೊಂದೇ ಏನನ್ನೂ ತೀರ್ಮಾನಿಸುವುದಿಲ್ಲ ಅಂತ ಇದರಿಂದಲೇ ಗೊತ್ತಾಗುತ್ತದೆ. ನೋಡಬೇಕಾದದ್ದು ಬೇರೆ. ಹಂಬಲ ದಿನವೂ ಅಷ್ಟೇ ತೀವ್ರವಾಗಿದೆಯೇ? ಕೆಲಸ, ಮಾತು, ಮನೆ ಯಾವುದೂ ಸಾಗುತ್ತಿಲ್ಲವೇ? ಹಾಗಿದ್ದರೆ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ. ಅದಕ್ಕೆ ಚಿಕಿತ್ಸೆ ಇದೆ, ಮತ್ತು ಅದು ಕೆಲಸ ಮಾಡುತ್ತದೆ. ಬದುಕೇ ಬೇಡ, ಅವಳ ಹತ್ತಿರ ಹೋಗಿಬಿಡಬೇಕು ಅನ್ನುವ ಯೋಚನೆ ಬಂದರೆ ಮಾತ್ರ ಯಾವ ಲೆಕ್ಕವನ್ನೂ ಹಾಕಬೇಡಿ. ಅದೇ ದಿನ ನಂಬುವ ಒಬ್ಬರಿಗೆ ಹೇಳಿ, ವೈದ್ಯರ ಹತ್ತಿರ ಹೋಗಿ. ಒಬ್ಬರೇ ಇರಬೇಡಿ.

ಈಗ ಪ್ರೀತಿ. ನಿಮ್ಮ ಜಗಳವನ್ನು ನಾನು ಎರಡು ಸಲ ಓದಿದೆ. ಇಬ್ಬರೂ ಒಂದೇ ಪದ ಹೇಳಿದಿರಿ, ಎರಡು ಬೇರೆ ವಿಷಯ ಮಾತಾಡಿದಿರಿ. ಅವರ ಪಾಲಿಗೆ ಪ್ರೀತಿ ಅಂದರೆ ನಿಮ್ಮ ಮೇಲಿನ ಭಾರ ಇಳಿಸುವುದು, ಒಂಬತ್ತು ತಿಂಗಳಿಂದ ಮನೆಯನ್ನು ತಾನೇ ಹೊರುವುದು. ನಿಮ್ಮ ಪಾಲಿಗೆ ಪ್ರೀತಿ ಅಂದರೆ ಪಕ್ಕದಲ್ಲಿ ಕೂತು ಅವಳ ಹೆಸರು ಹೇಳುವುದು. ಕನ್ನಡದಲ್ಲಿ ಇದಕ್ಕೆಲ್ಲ ಬೇರೆ ಬೇರೆ ಪದಗಳಿವೆ. ಅವರು ಕೊಡುತ್ತಿರುವುದು ಕಾಳಜಿ. ನೀವು ಕೇಳುತ್ತಿರುವುದು ಅಕ್ಕರೆ. ‘ಒಲವು’ ಅನ್ನುವ ಪದದಲ್ಲಿ ವಾಲುವ ಅರ್ಥವೂ ಇದೆ, ಮನಸ್ಸು ಒಂದು ಕಡೆ ಬಾಗುವುದು. ನಿಮಗೆ ಬೇಕಾಗಿರುವುದು ಅದು, ಅವರು ನಿಮ್ಮ ಕಡೆ ಸ್ವಲ್ಪ ಬಾಗುವುದು. ‘ಪ್ರೀತಿ’ ಅನ್ನುವ ಒಂದೇ ದೊಡ್ಡ ಪದದ ಕೆಳಗೆ ಇವೆಲ್ಲ ಮುಚ್ಚಿಹೋದವು.

ಅದಕ್ಕಿಂತ ಹೆಚ್ಚು ಪೆಟ್ಟು ಕೊಟ್ಟದ್ದು ಒಂದು ಅಕ್ಷರ. ‘ಪ್ರೀತಿ ಇಲ್ಲ’ ಅಲ್ಲ, ‘ಪ್ರೀತಿಯೇ ಇಲ್ಲ’. ಆ ‘ಏ’ ಬಂದ ಮೇಲೆ ಎದುರಿನವರಿಗೆ ಹೇಳಲು ಏನೂ ಉಳಿಯುವುದಿಲ್ಲ. 2018ರಲ್ಲಿ ಬ್ರಿಟನ್ನಿನ ಇಬ್ಬರು ಸಂಶೋಧಕರು ಆತಂಕ, ಖಿನ್ನತೆ ಇರುವವರ ಬರಹಗಳನ್ನು ನೋಡಿದರು. ‘ಯಾವಾಗಲೂ’, ‘ಎಂದಿಗೂ’, ‘ಪೂರ್ತಿ’ ಅನ್ನುವಂಥ, ನಡುವೆ ಜಾಗವೇ ಬಿಡದ ಪದಗಳು ಅಲ್ಲಿ ಜಾಸ್ತಿ ಕಂಡವು. ಸಾಯುವ ಯೋಚನೆ ಇದ್ದವರ ಬರಹದಲ್ಲಿ ಇನ್ನೂ ಜಾಸ್ತಿ. ನೋವು ಆ ಪದಗಳನ್ನು ತರುತ್ತದೆಯೋ, ಪದಗಳು ನೋವನ್ನು ಹೆಚ್ಚಿಸುತ್ತವೆಯೋ ಅಂತ ಆ ಅಧ್ಯಯನ ಒಂದರಿಂದಲೇ ಹೇಳಲಾಗದು. ಎರಡೂ ಇರಬಹುದು. ಆದರೆ ಜಗಳದಲ್ಲಿ ಇಂಥ ಪದ ಬಾಯಿಗೆ ಬಂದಾಗ, ನಾನು ತುಂಬಾ ದಣಿದಿದ್ದೇನೆ ಅನ್ನುವುದಕ್ಕೆ ಅದನ್ನು ಗುರುತಾಗಿ ಇಟ್ಟುಕೊಳ್ಳಿ.

ಮಾತು ಶುರುವಾಗುವ ರೀತಿಯೇ ಬಹಳಷ್ಟನ್ನು ತೀರ್ಮಾನಿಸುತ್ತದೆ. ದಾಂಪತ್ಯದ ಬಗ್ಗೆ ಅಧ್ಯಯನ ಮಾಡಿದ ಮನೋವಿಜ್ಞಾನಿ ಜಾನ್ ಗಾಟ್‌ಮನ್ ಅವರ ತಂಡ 124 ಹೊಸ ದಂಪತಿಗಳ ಜಗಳವನ್ನು ಚಿತ್ರೀಕರಿಸಿ, ಆರು ವರ್ಷ ಅವರನ್ನು ಗಮನಿಸಿತು. ಮೊದಲ ಮೂರು ನಿಮಿಷದ ಮಾತು ನೋಡಿಯೇ ಯಾರು ಮುಂದೆ ಬೇರೆಯಾಗುವ ಸಾಧ್ಯತೆ ಹೆಚ್ಚು ಅಂತ ಗುರುತಿಸಬಹುದಿತ್ತು. ಹಾಗಾಗಿ ಇವತ್ತು ರಾತ್ರಿ ‘ಪ್ರೀತಿ’ ಅನ್ನುವ ಪದವನ್ನು ಪಕ್ಕಕ್ಕಿಡಿ. ‘ನೀವು ಎಲ್ಲಾ ನೋಡ್ಕೊಳ್ತಾ ಇದೀರಿ, ನನಗೆ ಗೊತ್ತು. ಆದ್ರೆ ಮಲಗೋ ಮುಂಚೆ ಹತ್ತು ನಿಮಿಷ ನನ್ನ ಪಕ್ಕ ಕೂತ್ಕೊಳ್ಳಿ. ನಾನು ಅವಳ ಬಗ್ಗೆ ಮಾತಾಡ್ತೀನಿ. ನೀವು ಏನೂ ಸರಿ ಮಾಡಬೇಕಾಗಿಲ್ಲ’ ಅಂತ ಹೇಳಿ. ಕೊನೆಯ ವಾಕ್ಯವನ್ನು ಬಿಡಬೇಡಿ. ಕೆಲಸ ಮಾಡಿಯೇ ಪ್ರೀತಿ ತೋರಿಸುವವರಿಗೆ ಸುಮ್ಮನೆ ಕೂರುವುದೂ ಒಂದು ಕೆಲಸ ಅಂತ ಯಾರಾದರೂ ಹೇಳಬೇಕಾಗುತ್ತದೆ.

ಇದನ್ನು ಬರೆಯುವಾಗ ನನ್ನ ತಂದೆ ಹೋದ ದಿನ ನೆನಪಾಯಿತು. ಬಂದವರೆಲ್ಲ ‘ಧೈರ್ಯ ತಗೋ’ ಅಂದರು. ಧೈರ್ಯ ಅಂದರೆ ಅಳದಿರುವುದು ಅಂತ ನಾನು ಅರ್ಥ ಮಾಡಿಕೊಂಡೆ. ಮನಸ್ಸಿನ ವಿಷಯ ಓದಿದವರಿಗೂ ಹಾಗಾಗುತ್ತದೆ. ತಿಂಗಳುಗಟ್ಟಲೆ ಅಳಲಿಲ್ಲ. ಆಮೇಲೆ ಒಂದು ದಿನ ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ‘ಸಮಾಧಾನವಾಗಿ ಅಳು, ನಾನು ಇಲ್ಲೇ ಇರ್ತೀನಿ’ ಅಂದರು. ಸಮಾಧಾನ ಅಂದರೆ ಸಾಂತ್ವನ ಅಂತ ಅಲ್ಲಿಯವರೆಗೆ ಅಂದುಕೊಂಡಿದ್ದೆ. ಅವಸರ ಇಲ್ಲ ಅನ್ನುವ ಅರ್ಥವೂ ಅದಕ್ಕಿದೆ ಅಂತ ಅವತ್ತು ತಿಳಿಯಿತು.

ಬರೆಯುವ ಅಭ್ಯಾಸ ಇದ್ದರೆ ಒಂದು ದಾರಿ ಇದೆ. ಮನೋವಿಜ್ಞಾನಿ ಜೇಮ್ಸ್ ಪೆನ್ನಿಬೇಕರ್ 1986ರಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ, ತಮಗೆ ಅತಿ ಹೆಚ್ಚು ನೋವು ಕೊಟ್ಟ ವಿಷಯದ ಬಗ್ಗೆ ಬರೆಯಲು ಹೇಳಿದರು. ನಡೆದದ್ದನ್ನೂ ಆಗ ಅನಿಸಿದ್ದನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಆಮೇಲೆ ನಡೆದ ನೂರಾರು ಪ್ರಯೋಗಗಳನ್ನು ಒಟ್ಟಿಗೆ ನೋಡಿದರೆ ಲಾಭ ಚಿಕ್ಕದೇ, ಎಲ್ಲರಿಗೂ ಸಿಗುವುದೂ ಇಲ್ಲ. ಆದರೆ ಅವರು ಕಂಡುಕೊಂಡ ಒಂದು ವಿಷಯ ನನಗೆ ಬಹಳ ಮುಖ್ಯ ಅನಿಸುತ್ತದೆ. ದಿನದಿಂದ ದಿನಕ್ಕೆ ‘ಯಾಕೆಂದರೆ’, ‘ಈಗ ಅರ್ಥವಾಯಿತು’ ಅನ್ನುವಂಥ ಪದಗಳು ಹೆಚ್ಚಾದವರಿಗೆ ಲಾಭವೂ ಹೆಚ್ಚಾಯಿತು. ನಾಲ್ಕು ದಿನವೂ ಒಂದೇ ಅಳಲನ್ನು ಒಂದೇ ರೀತಿ ಬರೆದರೆ ಅಷ್ಟು ಉಪಯೋಗವಿಲ್ಲ. ಬರೆದು ಮನಸ್ಸು ಇನ್ನೂ ಕದಡಿದರೆ ನಿಲ್ಲಿಸಿ. ಇದು ಮಾಡಲೇಬೇಕಾದ ಕೆಲಸ ಅಲ್ಲ. ಬರೆದದ್ದನ್ನು ಯಾರಿಗೂ ತೋರಿಸಬೇಕಾಗಿಲ್ಲ.

ಈಗ ನಿಮ್ಮ ಕೊನೆಯ ಪ್ರಶ್ನೆ. ‘ನಿಮಗೆ ಅಕ್ಕ ತಂಗಿ ಇದ್ದಾರಾ?’

ನಿಮ್ಮನ್ನು ಇಕ್ಕಟ್ಟಿಗೆ ಸಿಕ್ಕಿಸಿರುವುದು ‘ಇಲ್ಲ’ ಅನ್ನುವ ಪದ. ಕನ್ನಡದಲ್ಲಿ ಅದು ಎರಡು ಕೆಲಸ ಮಾಡುತ್ತದೆ. ಇಲ್ಲವೇ ಇಲ್ಲ, ಇರಲೇ ಇಲ್ಲ ಅಂತಲೂ ಹೇಳುತ್ತದೆ. ಇದ್ದವರು ಹೋದರು ಅಂತಲೂ ಹೇಳುತ್ತದೆ. ‘ನನಗೆ ತಂಗಿ ಇಲ್ಲ’ ಅಂದರೆ ಅವಳು ಹುಟ್ಟಲೇ ಇಲ್ಲ ಅಂದ ಹಾಗೆ. ನಿಮ್ಮ ಗಂಟಲು ಕಟ್ಟುವುದು ಸರಿಯಾಗಿಯೇ ಇದೆ. ಅದು ಸುಳ್ಳು, ನಿಮ್ಮ ಗಂಟಲಿಗೆ ಅದು ಗೊತ್ತು. ‘ನನ್ನ ತಂಗಿ ಈಗಿಲ್ಲ’ ಅಂದು ನೋಡಿ. ‘ಈಗ’ ಅನ್ನುವ ಎರಡಕ್ಷರ ಸೇರಿದ ಕೂಡಲೇ ಅವಳ ಅಷ್ಟೂ ವರ್ಷ ವಾಕ್ಯದೊಳಗೆ ಬಂದು ಕೂತವು. ನಂಬುವವರ ಮುಂದೆ, ಆಮೇಲೆ ಬರುವ ಪ್ರಶ್ನೆಗಳಿಗೆ ಉತ್ತರಿಸುವ ಶಕ್ತಿ ಇರುವ ದಿನ, ಹೀಗೆ ಹೇಳಿ.

ಆ ಶಕ್ತಿ ಇಲ್ಲದ ದಿನಗಳೂ ಇರುತ್ತವೆ. ಎದುರಿಗಿರುವುದು ಯಾರೋ, ಮತ್ತೆ ಸಿಗುವವರಲ್ಲ. ಆಗ ‘ಒಬ್ಬಳು ತಂಗಿ’ ಅನ್ನಿ, ಅಷ್ಟೇ. ‘ಇದ್ದಾಳೆ’ ಬೇಡ, ‘ಇದ್ದಳು’ ಕೂಡ ಬೇಡ. ನಮ್ಮ ಭಾಷೆಯಲ್ಲಿ ಹೀಗೆ ಹೇಳುವುದಕ್ಕೆ ಕ್ರಿಯಾಪದವೇ ಬೇಕಾಗಿಲ್ಲ. ಅವಳ ಫೋಟೋ ತೋರಿಸಿ ‘ಇವಳು ನನ್ನ ತಂಗಿ’ ಅಂದರೂ ಅಷ್ಟೇ. ಹೋದ ವರ್ಷವೂ ನೀವು ಹಾಗೇ ಹೇಳುತ್ತಿದ್ದಿರಿ. ಆ ವಾಕ್ಯದಲ್ಲಿ ಒಂದಕ್ಷರವೂ ಬದಲಾಗಬೇಕಾಗಿಲ್ಲ.